ಒಂದೇ ಕ್ಯಾಲೆಂಡರಿನಲ್ಲಿ ಮುಹೂರ್ತವೂ ವೀಸಾವೂ

ಮೈಸೂರಿನ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. 2024ರ ಯುಗಾದಿಯಿಂದ 2025ರ ಯುಗಾದಿಯವರೆಗೆ ನಮ್ಮ ಬದುಕೆಲ್ಲ ಅದರ ಮೇಲೆಯೇ ನಡೆಯಿತು. ಅತ್ತೆ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ತಮ್ಮನ ಗೃಹಪ್ರವೇಶ, ತಂಗಿಯ ಧಾರೆ, ನಾದಿನಿಯ ಸೀಮಂತ. ಅದೇ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದ ಇನ್ನೊಂದು ಸಾಲು: ಜನನ ಪತ್ರ, ಮದುವೆ ನೋಂದಣಿ, ಅಪೋಸ್ಟಿಲ್ ಮುದ್ರೆ. ಪೆನ್ಸಿಲ್ ಯಾಕೆಂದರೆ ಹೊರದೇಶಕ್ಕೆ ಹೋಗುವ ಯೋಚನೆಯನ್ನು ಆಗಿನ್ನೂ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಗಂಡನ ಕೆಲಸ ಚಿಪ್ ತಯಾರಿಸುವ ಯಂತ್ರಗಳಿಗೆ ಸಂಬಂಧಪಟ್ಟದ್ದು. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಸುತ್ತಮುತ್ತ ಆ ಕೆಲಸ ಹೆಚ್ಚು. ಅಂಥ ಯಂತ್ರ ಮಾಡುವ ಎಎಸ್‌ಎಂಎಲ್ ಕಂಪನಿಯ ಮುಖ್ಯ ಕಚೇರಿ ಅಲ್ಲೇ ಪಕ್ಕದ ವೆಲ್ಡ್‌ಹೋವನ್‌ನಲ್ಲಿದೆ, ಅದಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಗಳೂ ಅಲ್ಲೇ ಬೀಡುಬಿಟ್ಟಿವೆ. ಅಂಥ ಒಂದು ಕಂಪನಿಯ ಮೊದಲ ಸಂದರ್ಶನ ನಡೆದದ್ದು ಯುಗಾದಿ ಕಳೆದು ಹತ್ತು ದಿನಕ್ಕೆ. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೂ ಅವತ್ತು ರಾತ್ರಿಯೇ ಇಬ್ಬರೂ ಕೂತು ನಮ್ಮ ಕಾಗದಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡೆವು. ಆ ವರ್ಷ ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ.

ಇವರದ್ದೆಲ್ಲ ಸರಿಯಿತ್ತು. ತೊಡಕಿದ್ದದ್ದು ನನ್ನ ಕಡೆ. ನಾನು ಹುಟ್ಟಿದ್ದು ಪಾಂಡವಪುರ ಸೀಮೆಯಲ್ಲಿ, ಅಜ್ಜಿ ಮನೆಯ ನಡುಮನೆಯಲ್ಲಿ. ಆ ಕಾಲಕ್ಕೆ ಹಳ್ಳಿಗಳಲ್ಲಿ ಹುಟ್ಟು ಸಾವು ಬರೆದುಕೊಳ್ಳುತ್ತಿದ್ದವರು ಗ್ರಾಮ ಲೆಕ್ಕಿಗರು. ಅಜ್ಜ ಹೋಗಿ ಬರೆಸಿದ್ದರು, ಅಷ್ಟು ಪುಣ್ಯ. ಆದರೆ ತಾಯಿಯ ಹೆಸರು ಎಂಬಲ್ಲಿ ಅಮ್ಮನನ್ನು ಮನೆಯಲ್ಲಿ ಕೂಗುವ ಹೆಸರು ಬರೆಸಿಬಿಟ್ಟಿದ್ದರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಪಾಸ್‌ಪೋರ್ಟಿನಲ್ಲಿ ಅಮ್ಮನ ಶಾಲೆ ಹೆಸರಿದೆ. ಓದುವವರಿಗೆ ನಾನು ಇಬ್ಬರು ಬೇರೆ ಬೇರೆ ತಾಯಂದಿರ ಮಗಳು. ಎರಡನೆಯ ತೊಡಕು, 2022ರಲ್ಲಿ ಮಂಡ್ಯದ ಛತ್ರದಲ್ಲಿ ಎಂಟುನೂರು ಜನರ ಮುಂದೆ ಮದುವೆಯಾದ ನಾವು ಅದನ್ನು ನೋಂದಾಯಿಸಿಯೇ ಇರಲಿಲ್ಲ.

ಹೊರದೇಶದ ಕೆಲಸಕ್ಕೆ ಪ್ರಯತ್ನಿಸುತ್ತಿರುವ ಜೋಡಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಕೆಲಸ ಸಿಕ್ಕವರ ಕಾಗದವನ್ನು ಕಂಪನಿ ನೋಡಿಕೊಳ್ಳುತ್ತದೆ, ತಡವಾಗುವುದು ಜೊತೆಗೆ ಹೋಗುವವರದ್ದು. ಕೆಲಸ ಖಚಿತವಾಗಲಿ ಎಂದು ಕಾಯದೆ ಅದನ್ನು ಮೊದಲು ಹಿಡಿಯಿರಿ.

ಇನ್ನು ಸಮಾರಂಭಗಳ ವಿಚಾರ. 2024ರ ಮೇ, ಜೂನ್‌ನಲ್ಲಿ ಗುರು ಶುಕ್ರ ಇಬ್ಬರೂ ಅಸ್ತರಾಗಿ ಮುಹೂರ್ತಗಳೇ ಇರಲಿಲ್ಲ. ಜುಲೈ 6ರಿಂದ ಆಷಾಢ. ಹಾಗಾಗಿ ಬೇಸಿಗೆಯಲ್ಲಿ ಆಗಬೇಕಿದ್ದದ್ದೆಲ್ಲ ಶ್ರಾವಣಕ್ಕೂ ಅದರಾಚೆಗೂ ಒತ್ತರಿಸಿಕೊಂಡು ಬಂತು. ಅಪ್ಪನಿಗೆ ಇನ್ನೊಂದು ಲೆಕ್ಕವೂ ಇತ್ತು. 2023ರಲ್ಲಿ ಮಳೆ ಕೈಕೊಟ್ಟು ವಿಶ್ವೇಶ್ವರಯ್ಯ ನಾಲೆಯಲ್ಲಿ ಬೇಸಿಗೆ ಬೆಳೆಗೆ ನೀರಿರಲಿಲ್ಲ, ಕಬ್ಬು ಒಣಗಿ ಸೌದೆಯಾಗಿತ್ತು. ತಂಗಿ ಮದುವೆಯ ಮಾತೆತ್ತಿದಾಗಲೆಲ್ಲ, "ಕಟ್ಟೆ ತುಂಬ್ಲಿ ಕಣವ್ವ, ಆಮೇಕೆ ಛತ್ರ ನೋಡುವ" ಎನ್ನುತ್ತಿದ್ದರು. ಜುಲೈ ಕೊನೆಯಲ್ಲಿ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿ 124.80 ಅಡಿ ಮುಟ್ಟಿತು. ಅದೇ ವಾರ ಅಪ್ಪ ನವೆಂಬರ್‌ಗೆ ಛತ್ರಕ್ಕೆ ಮುಂಗಡ ಕೊಟ್ಟು ಬಂದರು.

ಶ್ರಾವಣದಲ್ಲಿ ತಮ್ಮನ ಗೃಹಪ್ರವೇಶ. ನನ್ನ ಕಾಗದಕ್ಕೆ ದಾರಿ ತೆರೆದದ್ದು ಆ ಸಮಾರಂಭ. ಜನನ ನೋಂದಣಿಯಲ್ಲಿ ತಪ್ಪು ತಿದ್ದಿಸಬೇಕಾದರೆ ಆ ಸಂಗತಿ ಗೊತ್ತಿರುವ ಇಬ್ಬರು ನಂಬಿಕಸ್ಥರು ತಪ್ಪು ಏನು, ನಿಜ ಏನು ಎಂದು ಹೇಳಿಕೆ ಬರೆದುಕೊಡಬೇಕು. ನಾನು ಹುಟ್ಟಿದ್ದನ್ನು ಕಣ್ಣಾರೆ ಕಂಡವರು ಈಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ. ಅವರನ್ನು ಹುಡುಕಿಕೊಂಡು ಹೊರಟಿದ್ದರೆ ತಿಂಗಳೇ ಹಿಡಿಯುತ್ತಿತ್ತು. ಗೃಹಪ್ರವೇಶದ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಒಬ್ಬರು ಅಮ್ಮನ ದೊಡ್ಡಣ್ಣ, ನನ್ನ ಸೋದರಮಾವ. ಇನ್ನೊಬ್ಬರು ಅಜ್ಜಿ ಮನೆ ಪಕ್ಕದ ದೊಡ್ಡಮ್ಮ. ಅವರೇ ನನಗೆ ಮೊದಲ ನೀರು ಹಾಕಿದವರು. ಎಲೆ ಎತ್ತಿದ ಮೇಲೆ ಹೋಗಿ ಪಕ್ಕದಲ್ಲಿ ಕೂತೆ. ಯಾಕೆ ಏನು ಎಂದು ಕೇಳಲೇ ಇಲ್ಲ ದೊಡ್ಡಮ್ಮ. "ನಿಮ್ಮವ್ವನ ಹೆಸ್ರ ನಾನ್ ಹೇಳ್ದೆ ಇನ್ಯಾರ್ ಹೇಳಾರು?" ಎಂದು ನಾನು ಹುಟ್ಟಿದ ರಾತ್ರಿ ಕರೆಂಟು ಹೋದದ್ದು, ಬುಡ್ಡಿ ದೀಪ ಹಚ್ಚಿದ್ದು, ಹೊರಗೆ ಗಾಡಿ ಕಟ್ಟಿ ನಿಲ್ಲಿಸಿದ್ದು ಎಲ್ಲ ಹೇಳಿದರು. ಮೂವತ್ತು ವರ್ಷ ನನಗೆ ಗೊತ್ತಿರದಿದ್ದ ಆ ರಾತ್ರಿಯನ್ನು ನಾನು ಒಂದು ತಿದ್ದುಪಡಿ ಅರ್ಜಿಯ ನೆಪದಲ್ಲಿ ಕೇಳಿಸಿಕೊಂಡೆ. ಮುಂದಿನ ಸೋಮವಾರ ಇಬ್ಬರೂ ಬಂದು ಒಬ್ಬರು ಸಹಿ, ಒಬ್ಬರು ಹೆಬ್ಬೆಟ್ಟು ಹಾಕಿದರು. ಅಕ್ಟೋಬರ್ ಮೊದಲ ವಾರಕ್ಕೆ ತಿದ್ದಿದ ಪತ್ರ ಕೈಗೆ ಬಂತು.

ಆಫರ್ ಬಂದದ್ದು ಗೌರಿ ಗಣೇಶ ಕಳೆದ ಮೇಲೆ, ಸೆಪ್ಟೆಂಬರ್ ನಡುವಿಗೆ. ಇವರಿಗೆ ಆಗಿಂದಾಗಲೇ ಎಲ್ಲರಿಗೂ ಫೋನ್ ಮಾಡಬೇಕೆಂಬ ಆತುರ. ನಾನು ತಡೆದೆ. ಒಬ್ಬರ ಮನೆ ಸಂಭ್ರಮದ ದಿನ ನಮ್ಮ ಸುದ್ದಿ ಹೇಳಬಾರದು, ಯಾರೂ ಹೊಸ ಸೀರೆ ಉಟ್ಟಿರದ, ಮನೆಯಲ್ಲಿ ನೆಂಟರಿಲ್ಲದ ದಿನ ಹೇಳಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ಪಿತೃಪಕ್ಷದಲ್ಲಿ ಯಾರೂ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಅದರಲ್ಲೊಂದು ಬುಧವಾರ ಸಂಜೆ ಮೈಸೂರಿನಲ್ಲಿ ಅತ್ತೆ ಮಾವನಿಗೆ ಹೇಳಿದೆವು. ಮಾವ ಸಂಬಳ, ಮನೆ ಬಾಡಿಗೆ, ಚಳಿ ಎಂದು ಒಂದೊಂದೇ ಕೇಳುತ್ತಾ ಹೋದರು. ಅತ್ತೆ ಸುಮ್ಮನೆ ಕೂತಿದ್ದವರು ಕೊನೆಗೆ ಕೇಳಿದ್ದು ಒಂದೇ. "ಬರೋ ವರ್ಷ ಗೊಂಬೆ ಕೂರಿಸೋಕೆ ಮೇಲಿನ ಅಟ್ಟದಿಂದ ಪೆಟ್ಟಿಗೆ ಇಳಿಸೋರು ಯಾರಮ್ಮ?" ನನ್ನ ಹತ್ತಿರ ಉತ್ತರವಿರಲಿಲ್ಲ. ಮರುದಿನ ಇವರು ಮೂರು ಪೆಟ್ಟಿಗೆಯನ್ನೂ ಅಟ್ಟದಿಂದ ಇಳಿಸಿ ಕೆಳಗಿನ ಬೀರುವಿನಲ್ಲಿ ಜಾಗ ಮಾಡಿದರು. ಪಟ್ಟದ ಗೊಂಬೆ ಈಗಲೂ ಅಲ್ಲೇ ಇದೆ.

ಅಪ್ಪನಿಗೆ ಹೇಳಿದ್ದು ಕಬ್ಬಿನ ಗದ್ದೆ ಬದುವಿನ ಮೇಲೆ. ಸ್ವಲ್ಪ ಹೊತ್ತು ನೀರು ಕಟ್ಟುತ್ತಲೇ ಇದ್ದರು. ಆಮೇಲೆ, "ಮುಯ್ಯಿ ಪುಸ್ತಕ ಎಲ್ಲೈತೆ?" ಎಂದರು.

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟ ಪುಸ್ತಕವದು. ಅವರ ಮನೆಯ ಕಾರ್ಯಕ್ಕೆ ನಾವು ಹೋಗಿ ಅದನ್ನು ತೀರಿಸಬೇಕು, ಒಂದಿಷ್ಟು ಸೇರಿಸಿಯೇ ತೀರಿಸಬೇಕು. "ಊರು ಬಿಡೋರು ಮುಯ್ಯಿ ಉಳಿಸ್ಕೊಂಡು ಹೋಗ್ಬಾರ್ದು. ದುಡ್ಡಿನ ಮಾತಲ್ಲ, ಮಖ ತೋರ್ಸ್ಬೇಕು" ಎಂದರು ಅಪ್ಪ. ಆ ರಾತ್ರಿ ಪುಸ್ತಕ ತೆಗೆದು, ಮುಂದಿನ ಆರು ತಿಂಗಳಲ್ಲಿ ಕಾರ್ಯ ಇಟ್ಟುಕೊಂಡಿರುವ ಮನೆಗಳಿಗೆಲ್ಲ ಗುರುತು ಹಾಕಿದೆವು. ಹದಿನಾಲ್ಕು ಮನೆ. ಹನ್ನೊಂದಕ್ಕೆ ನಾವೇ ಹೋದೆವು, ಮೂರಕ್ಕೆ ತಮ್ಮನ ಕೈಯಲ್ಲಿ ಕಳಿಸಿದೆವು. ಹೋಗುವ ಖರ್ಚಿನ ಪಟ್ಟಿಯಲ್ಲಿ ಟಿಕೆಟ್, ಮನೆಯ ಮುಂಗಡ, ಚಳಿ ಬಟ್ಟೆಯ ಜೊತೆಗೆ ಮುಯ್ಯಿ ಎಂದೊಂದು ಸಾಲು ಸೇರಿಸಿದೆವು. ಸಣ್ಣ ಮೊತ್ತವೇನಲ್ಲ. ನನಗೆ ಅದರಲ್ಲಿ ಒಂದು ರೂಪಾಯಿಯೂ ದಂಡ ಅನ್ನಿಸಿಲ್ಲ.

ಮದುವೆ ನೋಂದಣಿ ಮುಗಿದದ್ದು ದಸರೆಯಲ್ಲಿ. ದಸರೆಗೆ ಮೈಸೂರಿನಲ್ಲಿ ಮನೆಯಿದ್ದವರಿಗೆ ನೆಂಟರ ಬರ ಇರುವುದಿಲ್ಲ. ಅಕ್ಟೋಬರ್ 12ರ ಜಂಬೂಸವಾರಿ ನೋಡಲು ನಾಲ್ಕು ದಿನ ಮೊದಲೇ ಮನೆ ತುಂಬಿತ್ತು. ಉಪನೋಂದಣಾಧಿಕಾರಿ ಕಚೇರಿಗೆ ಬೇಕಾದದ್ದು ಲಗ್ನಪತ್ರಿಕೆ, ಮದುವೆ ಫೋಟೋ, ಗುರುತಿನ ಚೀಟಿ ಮತ್ತು ಮೂವರು ಸಾಕ್ಷಿಗಳು. ಆಯುಧಪೂಜೆಗೆ ರಜೆ ಬೀಳುವ ಮುಂಚೆ, 9ನೇ ತಾರೀಖು, ಧಾರೆಯ ದಿನ ಮಂಟಪದಲ್ಲಿ ನಿಂತಿದ್ದ ಮೂವರನ್ನೇ ಕರೆದುಕೊಂಡು ಹೋದೆವು. ಒಂದು ಎಚ್ಚರಿಕೆ: ನಮ್ಮ ಕಡೆ ಇನಿಷಿಯಲ್ ಎಂಬುದು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ಆಧಾರ್‌ನಲ್ಲಿ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದು. ಮದುವೆ ಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಅಕ್ಷರ ಅಕ್ಷರ ಬರುವಂತೆ ನೋಡಿಕೊಳ್ಳಿ, ಸಹಿ ಹಾಕುವ ಮೊದಲೇ ಗಟ್ಟಿಯಾಗಿ ಓದಿಸಿಕೊಳ್ಳಿ.

ಆಮೇಲೆ ಅಪೋಸ್ಟಿಲ್. ನಮ್ಮ ಕಾಗದ ನಿಜವಾದದ್ದೆಂದು ಹೊರದೇಶ ಒಪ್ಪುವ ಮುದ್ರೆ ಅದು. ಜನನ, ಮದುವೆ ಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ್ದು. ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಓಡಾಡಿ ಮಾಡಿಸಿಕೊಡುವವರು ಕೇಳುವುದು ಸಾವಿರಗಳಲ್ಲಿ. ಜರ್ಮನಿಗೆ ಹೋಗುವವರು ಇಲ್ಲಿ ನಮ್ಮನ್ನು ನೋಡಿ ಮಾಡಬೇಡಿ. ಭಾರತದ ಅಪೋಸ್ಟಿಲ್ ಅನ್ನು ನೆದರ್ಲೆಂಡ್ಸ್ ಒಪ್ಪುತ್ತದೆ, ಜರ್ಮನಿ ಒಪ್ಪುವುದಿಲ್ಲ. ಅಲ್ಲಿಯ ರೀತಿ ಬೇರೆ.

ನವೆಂಬರ್ ಪೂರಾ ತಂಗಿ ಮದುವೆ. ಚಪ್ಪರ, ಎಣ್ಣೆಶಾಸ್ತ್ರ, ಧಾರೆ, ಭಾನುವಾರದ ಬೀಗರೂಟ. ಆ ಹತ್ತು ದಿನ ಇಬ್ಬರೂ ವೀಸಾ ಎಂಬ ಪದವನ್ನೇ ಬಾಯಿಗೆ ತರಲಿಲ್ಲ. ತಂಗಿಯನ್ನು ಒಪ್ಪಿಸಿಕೊಡುವಾಗ ಅಮ್ಮ ಒಂದು ಕೈಯಲ್ಲಿ ಅವಳನ್ನು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡಿದ್ದರು. ಆ ಹಿಡಿತ ಯಾಕೆಂದು ನನಗೂ ಅಮ್ಮನಿಗೂ ಗೊತ್ತಿತ್ತು.

ಡಿಸೆಂಬರ್‌ನಲ್ಲಿ ಎರಡು ಗಡುವು ಒಟ್ಟಿಗೆ ಬಂದವು. ನೆದರ್ಲೆಂಡ್ಸ್‌ನಲ್ಲಿ ನುರಿತ ಕೆಲಸಗಾರರ ಪರವಾನಗಿಗೆ ಕನಿಷ್ಠ ಸಂಬಳದ ಮಿತಿಯಿದೆ. 30 ವರ್ಷ ತುಂಬಿದವರಿಗೆ 2024ರಲ್ಲಿ ಅದು ರಜಾ ಭತ್ಯೆ ಬಿಟ್ಟು ತಿಂಗಳಿಗೆ 5,331 ಯೂರೋ, 2025ಕ್ಕೆ 5,688. ಇವರಿಗೆ ಒಪ್ಪಿಕೊಂಡಿದ್ದ ಸಂಬಳ ಇವೆರಡರ ನಡುವೆ. ವರ್ಷ ಮುಗಿಯುವುದರೊಳಗೆ ಅರ್ಜಿ ಹೋಗಲೇಬೇಕು. ಅತ್ತೆಯದ್ದು ಇನ್ನೊಂದು ಗಡುವು. ಡಿಸೆಂಬರ್ 16ಕ್ಕೆ ಧನುರ್ಮಾಸ ಶುರು, ಅದರಲ್ಲಿ ಹೊಸ ಕೆಲಸಕ್ಕೆ ಕೈ ಹಾಕಬಾರದು. ಕಾಗದ ಎಲ್ಲ ಸಿದ್ಧವಿದ್ದದ್ದರಿಂದ ಕಂಪನಿಯವರು ಮೊದಲ ವಾರದಲ್ಲೇ ಇಬ್ಬರದ್ದೂ ಒಟ್ಟಿಗೆ ಅರ್ಜಿ ಹಾಕಿದರು. ಅವತ್ತು ಅತ್ತೆ ನಿಮಿಷಾಂಬ ಗುಡಿಗೆ ಹೋಗಿ ಬಂದರು.

ಸಂಕ್ರಾಂತಿಗೆ ಮುಂಚೆ ಒಪ್ಪಿಗೆ ಬಂತು. ಒಪ್ಪಿಗೆಯಾದ ಮೂರು ತಿಂಗಳೊಳಗೆ ಪಾಸ್‌ಪೋರ್ಟಿಗೆ ಪ್ರವೇಶ ವೀಸಾ ಅಂಟಿಸಿಕೊಳ್ಳಬೇಕು, ಅದು 90 ದಿನ ಚಾಲ್ತಿಯಲ್ಲಿರುತ್ತದೆ. ಈ ಸಡಿಲವನ್ನು ನಾವು ಪೂರ್ತಿ ಬಳಸಿಕೊಂಡೆವು. ಸಂಕ್ರಾಂತಿಗೆ ಊರಲ್ಲಿ ಎಳ್ಳು ಬೀರಿ, ದನಗಳಿಗೆ ಕಿಚ್ಚು ಹಾಯಿಸಿ, ಫೆಬ್ರವರಿಯಲ್ಲಿ ನಾದಿನಿಯ ಸೀಮಂತ ಮುಗಿಸಿ ಬೆಂಗಳೂರಿಗೆ ಹೋಗಿ ವೀಸಾ ಹಾಕಿಸಿಕೊಂಡು ಬಂದೆವು. ಮಾರ್ಚ್ 30ರ ಯುಗಾದಿಗೆ ಬೇವು ಬೆಲ್ಲ ತಿಂದು, ಏಪ್ರಿಲ್‌ನಲ್ಲಿ ಹೊರಟೆವು. ನುರಿತ ಕೆಲಸಗಾರರ ಸಂಗಾತಿಗೆ ಅಲ್ಲಿ ಬೇರೆ ಪರವಾನಗಿಯಿಲ್ಲದೆ ಕೆಲಸ ಮಾಡಬಹುದು. ನಾನು ಒಪ್ಪಿದ್ದಕ್ಕೆ ಅದೂ ಒಂದು ದೊಡ್ಡ ಕಾರಣ. ಇನ್ನೊಂದು ಮಾತು: ಮೊದಮೊದಲು ಕಂಪನಿಯವರು ತಾತ್ಕಾಲಿಕ ಮನೆ ಕೊಡುತ್ತಾರಲ್ಲ, ಆ ವಿಳಾಸದಲ್ಲಿ ನಗರಸಭೆಯಲ್ಲಿ ಹೆಸರು ನೋಂದಾಯಿಸಲು ಬಿಡುತ್ತಾರೆಯೇ ಎಂದು ಹೊರಡುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ನೋಂದಣಿಯಾಗದೆ ನಾಗರಿಕ ಸಂಖ್ಯೆ ಇಲ್ಲ, ಅದಿಲ್ಲದೆ ಸಂಬಳ, ಬ್ಯಾಂಕು ಎಲ್ಲ ತಡ.

ಪೆಟ್ಟಿಗೆ ಕಟ್ಟುವ ದಿನ ಅಮ್ಮ ಮಂಡ್ಯದಿಂದ ಬಂದಿದ್ದರು. ರಾಗಿ ಹಿಟ್ಟು, ಹುರಿಹಿಟ್ಟು, ಹುಳಿಪುಡಿ, ಸಂಡಿಗೆ ಎಲ್ಲ ಹೊಂದಿಸಿದೆವು. ಯುರೋಪಿನ ಒಳಕ್ಕೆ ಹೊರಗಿನವರು ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ವೀಳ್ಯದೆಲೆ ಹಾಕಿ ಅಜ್ಜಿ ಕಾಯಿಸಿ ಕಳಿಸಿದ್ದ ತುಪ್ಪವನ್ನು ಅತ್ತೆಯ ಅಡುಗೆಮನೆಯಲ್ಲೇ ಬಿಟ್ಟೆ. ಎಲ್ಲಕ್ಕಿಂತ ಕೆಳಗೆ, ಸೀರೆಗಳ ನಡುವೆ, ಅಮ್ಮ ಒಂದು ಜೊತೆ ಪುಟ್ಟ ಮೊರ ಇಟ್ಟರು. ಒಳಗೆ ಬಳೆ, ಕರಿಮಣಿ, ಅರಿಶಿನ ಕುಂಕುಮ, ಕನ್ನಡಿ, ರವಿಕೆ ಕಣ.

"ಗೌರಿ ಹಬ್ಬಕ್ಕೆ ಬಾಗಿನ ತಕ್ಕೊಂಡು ಅಷ್ಟು ದೂರ ನಾವು ಬರಾಕಾಗಲ್ಲ ಕಣವ್ವ," ಎಂದರು. "ಅಕ್ಕಿ, ಬೇಳೆ, ಬೆಲ್ಲ ಅಲ್ಲೇ ತಕ್ಕೊಂಡು ನೀನೇ ತುಂಬ್ಕೊ. ಮೊರ ತೌರುದು."