ಮನೆಯಲ್ಲೇ ಕಟ್ಟುವ ಸಬ್‌ಮರೀನ್: ಹನಿ ಸೋರದ ಮುಚ್ಚಳ ಮಾಡುವುದು ಹೇಗೆ?

ಕಾಸರಗೋಡಿನಲ್ಲಿ ಮೀನಿನ ಬೋಟ್ ರಿಪೇರಿ ಮಾಡುವ ಒಬ್ಬರನ್ನು ಕೇಳಿದ್ದೆ, ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಹೊರಗೆ ಹೋಗುವಲ್ಲಿ ನೀರು ಸೋರುವುದಿಲ್ಲವೇ ಎಂದು. "ಎರಡು ಹನಿ ಬೀಳಲೇಬೇಕು ಮಾರಾಯ್ರೆ, ಇಲ್ಲದಿದ್ರೆ ಪ್ಯಾಕಿಂಗ್ ಬಿಸಿಯಾಗಿ ಸುಟ್ಟು ಹೋಗ್ತದೆ" ಎಂದರು. ಪ್ಯಾಕಿಂಗ್ ಎಂದರೆ ನೀರು ತಡೆಯಲು ಶಾಫ್ಟ್ ಸುತ್ತ ತುರುಕುವ ಹಗ್ಗದಂಥದ್ದು. ಬೋಟಿಗೆ ಅದು ಸರಿ. ನೀರೊಳಗೆ ಹೋಗುವುದಕ್ಕೆ ಆ ಎರಡು ಹನಿಯೂ ಆಗದು.

ಒಬ್ಬರೇ ಕೂರುವ ಪುಟ್ಟ ಸಬ್‌ಮರೀನ್ ಕಟ್ಟುವ ಹುಚ್ಚು ಹತ್ತಿದವರು ಮೊದಲು ಜನ ಕೂರದ ಭಾಗದಲ್ಲಿ ಕೈ ಪಳಗಿಸಬೇಕು. ಹೊರಗೆ ಜೋಡಿಸುವ ಎಲೆಕ್ಟ್ರಾನಿಕ್ಸ್ ಡಬ್ಬದ ಮುಚ್ಚಳ ಅದಕ್ಕೆ ಒಳ್ಳೆಯದು. ಜನ ಕೂರುವ ಹಲ್ (ಹೊರಕವಚ), ಅಕ್ರಿಲಿಕ್ ಕಿಟಕಿ ಇವೆಲ್ಲ ತಿಳಿದ ಎಂಜಿನಿಯರ್ ಲೆಕ್ಕ ಹಾಕಿ ಕೊಡದೆ ಮುಟ್ಟುವಂಥದ್ದಲ್ಲ.

ಲೆಕ್ಕ ಸುಲಭ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯಷ್ಟೇ, ಒತ್ತಡ ಜಾಸ್ತಿಯಾಗುತ್ತದೆ. 30 ಮೀಟರ್‌ನಲ್ಲಿ 20 ಸೆಂ.ಮೀ. ಅಗಲದ ಮುಚ್ಚಳದ ಮೇಲೆ, ಅಂದರೆ ತಿಂಡಿ ತಟ್ಟೆಯಷ್ಟು ಜಾಗದಲ್ಲಿ, ಒಂದು ಟನ್ನಿನ ಹತ್ತಿರ ಭಾರ ಬೀಳುತ್ತದೆ. ಆದರೆ ಈ ಭಾರ ಮುಚ್ಚಳವನ್ನು ಒಳಕ್ಕೇ ಒತ್ತುತ್ತದೆ, ಅಲ್ವಾ? ಹಾಗಾಗಿ ಬೋಲ್ಟ್‌ಗಳಿಗೆ ದೊಡ್ಡ ಕೆಲಸವಿಲ್ಲ. ಕೆಲಸ ಇರುವುದು ಓ-ರಿಂಗ್‌ಗೆ, ಅಂದರೆ ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆಗೆ.

ಲೋಹ ಯಾವುದು? ಹಿತ್ತಾಳೆ ಬೇಡ. ಉಪ್ಪುನೀರಿನಲ್ಲಿ ಅದರ ಸತು ಕರಗಿ ಹೋಗಿ, ಸ್ಪಂಜಿನಂಥ ತಾಮ್ರ ಉಳಿಯುತ್ತದೆ. 304 ಎಂಬ ಬಗೆಯ ಸ್ಟೀಲ್ ಪಾತ್ರೆಗೆ ಚೆನ್ನ, ಸಮುದ್ರದಲ್ಲಿ ಓ-ರಿಂಗ್ ಅಡಿಯಲ್ಲೇ ಗುಳಿ ಬೀಳುತ್ತದೆ. 316 ಎಂಬ ಬಗೆ ವಾಸಿ. ಅದೂ ಅಮರವೇನಲ್ಲ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಬೇಕು.

ಇನ್ನು ಗ್ರೂವ್, ಅಂದರೆ ರಿಂಗ್ ಕೂರಲು ಲೋಹದಲ್ಲಿ ಸುತ್ತಲೂ ಕೊರೆಯುವ ಜಾಗ. 3.53 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರಿನ ರಿಂಗ್ ತೆಗೆದುಕೊಳ್ಳಿ. ಗ್ರೂವ್ ಆಳ 2.65, ಅಗಲ 4.6 ಮಿ.ಮೀ. ಇರಲಿ. ಆಗ ರಿಂಗ್ ಕಾಲು ಭಾಗದಷ್ಟು ಚಪ್ಪಟೆಯಾಗುತ್ತದೆ, ಗ್ರೂವಿನ ಐದನೇ ಒಂದು ಪಾಲು ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ಬೇಕೇ ಬೇಕು. ರಬ್ಬರ್ ಅಗಲಕ್ಕೆ ಹರಡುತ್ತದೆಯೇ ಹೊರತು ಕುಗ್ಗುವುದಿಲ್ಲ. ನೀರು ಹೊರಗಿನಿಂದ ಒತ್ತುವುದರಿಂದ ರಿಂಗ್ ಗ್ರೂವಿನ ಒಳಗೋಡೆಗೆ ಒರಗಿ ಕೂರಬೇಕು. ಡ್ರಾಯಿಂಗ್‌ನಲ್ಲಿ ಇದನ್ನು ಬರೆದೇ ಕೊಡಿ. ಲೇತಿನವರು (ಲೋಹ ತಿರುಗಿಸಿ ಕಡೆಯುವ ಯಂತ್ರದವರು) ಸುಮ್ನೆ ಅಂದಾಜಿನಲ್ಲಿ ಹೊಡೆಯುವುದು ಬೇಡ.

ಲೇತಿನಲ್ಲಿ ಟೂಲ್ ಹರಿತವಾಗಿರಲಿ. 316ರ ಮೇಲೆ ಮೊಂಡು ಟೂಲ್ ಉಜ್ಜುತ್ತಾ ನಿಂತರೆ ಅಲ್ಲೇ ಗಟ್ಟಿಯಾಗಿ ಮುಂದಿನ ಕಟ್ ಹಿಡಿಯುವುದಿಲ್ಲ. ಗ್ರೂವಿನ ಅಂಚಿನ ಬರ್ (ಕಡೆದಾಗ ಉಳಿಯುವ ಲೋಹದ ಮುಳ್ಳು) ತೆಗೆಯಿರಿ, ಇಲ್ಲದಿದ್ದರೆ ಹಾಕುವಾಗಲೇ ರಿಂಗ್ ಸೀಳುತ್ತದೆ.

ಫಿನಿಶಿಂಗ್‌ನಲ್ಲಿ ನಾನೇ ಎಡವಿದ್ದೇನೆ. ಲೇತಿನಿಂದ ಬಂದ ಮುಚ್ಚಳದಲ್ಲಿ ಗ್ರಾಮಫೋನ್ ಪ್ಲೇಟಿನಂಥ ಸಣ್ಣ ಗೆರೆಗಳಿದ್ದವು. ಚಂದ ಕಾಣಲಿ ಎಂದು ಎಮರಿ ಕಾಗದ ಹಿಡಿದು ಅಡ್ಡಡ್ಡ ಉಜ್ಜಿದೆ. ಕನ್ನಡಿಯ ಹಾಗೆ ಹೊಳೆಯಿತು, ಸೋರಿತು ಕೂಡ. ರಿಂಗಿನ ಜೊತೆಗೇ ಸುತ್ತುವ ಗೆರೆಯಿಂದ ತೊಂದರೆಯಿಲ್ಲ. ರಿಂಗನ್ನು ಅಡ್ಡ ದಾಟುವ ಒಂದೇ ಗೀರು ನೀರಿಗೆ ಕಾಲುವೆ. ಉಜ್ಜಲೇಬೇಕಿದ್ದರೆ ತುಂಡು ಲೇತಿನ ಹಿಡಿಕೆಯಾದ ಚಕ್‌ನಲ್ಲಿರುವಾಗಲೇ, ಎಮರಿಯನ್ನು ಕಡ್ಡಿಗೆ ಸುತ್ತಿ, ಸುತ್ತಿನ ದಿಕ್ಕಿನಲ್ಲೇ ಉಜ್ಜಿ. ತಿರುಗುವ ಚಕ್ ಹತ್ತಿರ ಬೆರಳು ಬೇಡ. ಆಮೇಲೆ ಉಗುರನ್ನು ಒಳಗಿನಿಂದ ಹೊರಕ್ಕೆ ಎಳೆದು ನೋಡಿ. ಎಲ್ಲೂ ತಡೆಯಬಾರದು.

ಸ್ಟೀಲ್ ಬೋಲ್ಟ್ ಸ್ಟೀಲ್ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ, ಕಚ್ಚದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ರಿಂಗಿಗೆ ಸಿಲಿಕೋನ್ ಗ್ರೀಸ್, ಮಿನುಗುವಷ್ಟು ಮಾತ್ರ.

30 ಮೀಟರ್‌ನ ಪರೀಕ್ಷೆ ನೀರು ತುಂಬಿದ ಪ್ರೆಶರ್ ಪಾತ್ರೆಯಲ್ಲಿ, ಕೈಪಂಪಿನಿಂದ ಆಗಬೇಕು. ಗಾಳಿ ತುಂಬಿದರೆ ಅದು ಬಾಂಬು. ಆದರೆ ಅದಕ್ಕೂ ಮೊದಲು ತೋಟದ ಬಾವಿಯಲ್ಲಿ ಒಂದು ಮೀಟರ್ ಆಳ ಸಾಕು. ಆಳದಲ್ಲಿ ಒತ್ತಡವೇ ರಿಂಗನ್ನು ಗೋಡೆಗೆ ಒತ್ತುತ್ತದೆ. ಒಂದು ಮೀಟರ್‌ನಲ್ಲಿ ಆ ಸಹಾಯವಿಲ್ಲ, ಕಳ್ಳ ಗೀರು ಅಲ್ಲೇ ಸಿಕ್ಕಿಬೀಳುತ್ತದೆ. ಡಬ್ಬದೊಳಗೆ ಮುಚ್ಚಳದ ಸುತ್ತಲೂ ಟಿಶ್ಯೂ ಕಾಗದ ಇಡಿ. ತೇಲಿದರೆ ಕೆಂಪುಕಲ್ಲು ಕಟ್ಟಿ, ರಾತ್ರಿಯಿಡೀ ಬಿಡಿ. ಅಡುಗೆಮನೆಯ ಬಾವಿಗೆ ಇಳಿಸಬೇಡಿ, ಗ್ರೀಸಿನ ಡಬ್ಬ ಕಂಡರೆ ಮನೆಯವರು ಸುಮ್ಮನಿರುವುದಿಲ್ಲ.

ಬೆಳಿಗ್ಗೆ ಎತ್ತಿ, ಹೊರಗೆಲ್ಲ ಒಣಬಟ್ಟೆಯಿಂದ ಒರೆಸಿ, ಆಮೇಲೆ ಬಿಚ್ಚಿ. ಟಿಶ್ಯೂ ಎಲ್ಲಿ ಒದ್ದೆಯಾಗಿದೆಯೋ ಗೀರು ಅಲ್ಲೇ ಇದೆ. ಅದು ಮುಚ್ಚಳದ ಯಾವ ಜಾಗ ಎಂದು ತಿಳಿಯಬೇಕಾದರೆ, ಇಳಿಸುವ ಮೊದಲೇ ಮುಚ್ಚಳಕ್ಕೂ ಡಬ್ಬಕ್ಕೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿರಿ.