ಕಡಲ ಹೂವಿಗೆ ಏಳು ರಾತ್ರಿಯ ಔಷಧ

ದಾವಣಗೆರೆಯಂತಹ ಒಳನಾಡಿನ ಊರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಕಡಲನ್ನು ಮನೆಯಲ್ಲೇ ಕಲಸಿಕೊಳ್ಳಬೇಕು. ಅಂಗಡಿಯವರು ಸೀ ಅನಿಮೋನ್ ಎಂದು ಕರೆಯುವ, ಹೂವಿನಂತೆ ಕಂಡರೂ ನಿಜದಲ್ಲಿ ಪ್ರಾಣಿಯೇ ಆದ ಕಡಲ ಹೂ ಇಲ್ಲಿಗೆ ತಲುಪುವಷ್ಟರಲ್ಲಿ ಎರಡು ಮೂರು ದಿನ ಪ್ಲಾಸ್ಟಿಕ್ ಚೀಲದಲ್ಲಿ ಕಳೆದಿರುತ್ತದೆ. ಹಾಗೆ ದಣಿದು ಬಂದದ್ದಕ್ಕೆ ಬ್ಯಾಕ್ಟೀರಿಯಾದ ಸೋಂಕು ತಗಲಿದರೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ನಿಂದ ಉಳಿಸಿಕೊಳ್ಳಲು ಸಾಧ್ಯವಿದೆ. ಆದರೆ ಈ ಚಿಕಿತ್ಸೆಯಲ್ಲಿ ಮಾತ್ರೆಯ ಕೆಲಸ ಕಾಲುಪಾಲು, ನೀರಿನ ಕೆಲಸ ಮುಕ್ಕಾಲುಪಾಲು.

ಮೊದಲು ಕಾಯಿಲೆ ಹೌದೋ ಅಲ್ಲವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಆರೋಗ್ಯವಂತ ಕಡಲ ಹೂವೂ ಒಳಗಿನ ಕಸವನ್ನು ಹೊರಹಾಕಲು ಆಗಾಗ ಮುದುಡಿಕೊಂಡು, ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ದಿನವೂ ಪೂರ್ತಿ ಕುಗ್ಗಿ ಮತ್ತೆ ಉಬ್ಬುವುದು, ಬಾಯಿ ಮುಚ್ಚದೆ ಸಡಿಲವಾಗಿ ತೆರೆದುಕೊಂಡಿರುವುದು, ಎಸಳಿನಂತೆ ಕಾಣುವ ಗ್ರಹಣಾಂಗಗಳು ಬೆರಳಿಗೆ ಅಂಟದಿರುವುದು, ಪಾದ ಕಲ್ಲನ್ನು ಹಿಡಿಯದಿರುವುದು, ಇವೆಲ್ಲ ಒಟ್ಟಾಗಿ ಕಂಡರೆ ಮಾತ್ರ ಸೋಂಕನ್ನು ಶಂಕಿಸಬೇಕು. ಆಗಲೂ ಮೊದಲ ಪರೀಕ್ಷೆ ನೀರಿನದೇ: ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇರಬೇಕು, ನೀರಿನ ಉಪ್ಪಿನಂಶವನ್ನು ತಿಳಿಸುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೀನಿನ ರೋಗಕ್ಕೆಂದು ತೊಟ್ಟಿಗೆ ಹಿಂದೆಂದಾದರೂ ತಾಮ್ರದ ಔಷಧ ಹಾಕಿದ್ದರೆ ಅಪರಾಧಿ ಅದೇ ಆಗಿರಬಹುದು. ಅಂತಹ ಸ್ಥಿತಿಯಲ್ಲಿ ಯಾವ ಆ್ಯಂಟಿಬಯಾಟಿಕ್ಕೂ ನೆರವಾಗದು. ದೇಹದೊಳಗಿನ ಸಹಜೀವಿ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಂಡ ಹೂವಿಗೂ ಬೇಕಿರುವುದು ಸರಿಯಾದ ಬೆಳಕು ಮತ್ತು ಕಾಲಾವಕಾಶವೇ ಹೊರತು ಮಾತ್ರೆಯಲ್ಲ. ದೇಹ ಕರಗಿ ಚೂರುಚೂರಾಗುತ್ತ ಕೊಳೆತ ವಾಸನೆ ಬರುತ್ತಿದ್ದರೆ ಅದು ಸತ್ತಿದೆಯೆಂದೇ ತಿಳಿದು ತಕ್ಷಣ ಹೊರತೆಗೆಯಬೇಕು, ಇಲ್ಲವಾದರೆ ತೊಟ್ಟಿಯ ಉಳಿದ ಜೀವಿಗಳಿಗೂ ಕುತ್ತು.

ಔಷಧವನ್ನು ಮುಖ್ಯ ತೊಟ್ಟಿಗೆ ಎಂದಿಗೂ ಹಾಕಬಾರದು, ಏಕೆಂದರೆ ಅಮೋನಿಯಾವನ್ನು ಅರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಅದರಿಂದ ಪೆಟ್ಟು ಬೀಳುತ್ತದೆ. ಸುಮಾರು 20 ಲೀಟರಿನ ಬೇರೆ ಗಾಜಿನ ತೊಟ್ಟಿ, ಏರ್ ಪಂಪ್, ಹೀಟರ್ ಮತ್ತು ಹಗಲಿಗೊಂದು ದೀಪ ಇದ್ದರೆ ಸಣ್ಣ ಹೂವಿಗೆ ಸಾಕು. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಪಂಪ್ ಒಂದು ಜೊತೆಗಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನಲ್ಲಿ ಹೀಟರಿಗೆ ಕೆಲಸವಿರುವುದಿಲ್ಲ. ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಡಬೇಕಾಗುತ್ತದೆ, ಅದರಿಂದ ಆವಿಯಾದಷ್ಟನ್ನು ಉಪ್ಪಿಲ್ಲದ ನೀರಿನಿಂದಲೇ ತುಂಬಬೇಕು.

ಇನ್ನು ನೀರಿನ ಲೆಕ್ಕ. ಚಿಕಿತ್ಸಾ ತೊಟ್ಟಿಯಲ್ಲಿ ಉಪಕಾರಿ ಬ್ಯಾಕ್ಟೀರಿಯಾ ನೆಲೆಸಿದ ಜೈವಿಕ ಶೋಧಕ ಇರುವುದಿಲ್ಲವಾದ್ದರಿಂದ ಪ್ರತಿದಿನವೂ ಇಡೀ ನೀರನ್ನು ಬದಲಿಸಬೇಕು, ಅಂದರೆ ಏಳು ದಿನಕ್ಕೆ 140 ಲೀಟರ್, ಸುಮಾರು 5 ಕಿಲೋ ಸಮುದ್ರದ ಉಪ್ಪಿನ ಮಿಶ್ರಣ. ತುಂಗಭದ್ರೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ನೇರವಾಗಿ ಬಳಸಬಾರದು. ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರಿನ ಕ್ಯಾನ್ ಅಳತೆಗೂ ಅನುಕೂಲ, ಆದರೆ ಎಲ್ಲ ಘಟಕಗಳ ನೀರೂ ಒಂದೇ ಬಗೆಯದಲ್ಲವಾದ್ದರಿಂದ ನೀರಿನಲ್ಲಿ ಕರಗಿರುವ ಲವಣಾಂಶವನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿಯೇ ಬಳಸಬೇಕು. ಒಂದು ಕ್ಯಾನಿಗೆ 700 ಗ್ರಾಂ ಮಿಶ್ರಣ ಹಾಕಿ, ಹಿಂದಿನ ದಿನವೇ ಏರ್ ಪಂಪಿನಿಂದ ಕಲಕಲು ಬಿಟ್ಟು, ಬಳಸುವ ಮುನ್ನ ಸಾಂದ್ರತೆ ಮತ್ತು ಉಷ್ಣತೆ ಮುಖ್ಯ ತೊಟ್ಟಿಗೆ ಹೊಂದುವಂತೆ ಸರಿಪಡಿಸಬೇಕು. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ.

ಹೂವನ್ನು ಕಲ್ಲಿನಿಂದ ಕೀಳುವ ಆತುರ ಬೇಡ. ಪಾದ ಹರಿದರೆ ಸೋಂಕು ಹೆಚ್ಚುತ್ತದೆ. ಕಲ್ಲು ಚಿಕ್ಕದಾಗಿದ್ದರೆ ಕಲ್ಲಿನ ಸಮೇತ ಎತ್ತುವುದೇ ಲೇಸು. ಕೈಗವಸು ಕಡ್ಡಾಯ.

ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಪ್ರಮಾಣ ಸುಮಾರು 38 ಲೀಟರಿಗೆ 250 ಮಿಲಿಗ್ರಾಂ, ಎಂದರೆ 20 ಲೀಟರಿಗೆ 250ರ ಮಾತ್ರೆಯ ಅರ್ಧ. ಸಿಪ್ರೊಫ್ಲಾಕ್ಸಸಿನ್ ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲದ ಶೆಡ್ಯೂಲ್ ಎಚ್ ಔಷಧ, ಆದ್ದರಿಂದ ಪಶುವೈದ್ಯರಿಗೆ ವಿಷಯ ವಿವರಿಸಿ ಬರೆಸಿಕೊಳ್ಳಬೇಕು. ಮನೆಯಲ್ಲಿ ಯಾರಿಗೋ ಬರೆದು ಉಳಿದ ಮಾತ್ರೆ ಬೇಡ. ಹೊಟ್ಟೆಕೆಟ್ಟಾಗ ಕೊಡುವ, ಟಿನಿಡಜೋಲ್ ಸೇರಿದ ಮಾತ್ರೆಯನ್ನಾಗಲಿ, ಕೆಡದಂತೆ ಸಂರಕ್ಷಕ ಬೆರೆಸಿದ ಕಣ್ಣಿನ ಹನಿಯನ್ನಾಗಲಿ ಬಳಸಬಾರದು.

ಈ ಔಷಧ ಬೆಳಕಿಗೆ ಒಡೆದುಹೋಗುತ್ತದೆ. ಆದುದರಿಂದ ಸಂಜೆ ನೀರು ಬದಲಿಸಿ, ದೀಪ ಆರಿಸಿದ ಮೇಲೆ, ನುಣ್ಣಗೆ ಪುಡಿ ಮಾಡಿದ ಮಾತ್ರೆಯನ್ನು ಒಂದು ಲೋಟ ಉಪ್ಪಿಲ್ಲದ ನೀರಿನಲ್ಲಿ ಕದಡಿ, ಹೂವಿನ ಮೇಲೆ ನೇರವಾಗಿ ಬೀಳದಂತೆ ತೊಟ್ಟಿಗೆ ನಿಧಾನವಾಗಿ ಸುರಿಯಬೇಕು. ಅಡುಗೆಮನೆಯ ಕುಟ್ಟಾಣಿ ಇದಕ್ಕೆ ಬೇಡ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಈ ಔಷಧವನ್ನು ಹಿಡಿದಿಟ್ಟು ಅದರ ಬಲವನ್ನು ಕುಂದಿಸುತ್ತವೆ. ಒಮ್ಮೆ ಹಾಕಿ ಕೈಬಿಟ್ಟರೆ ಸಾಲದೆ ಪ್ರತಿ ರಾತ್ರಿ ಹೊಸದಾಗಿ ಹಾಕಬೇಕಾಗುವುದಕ್ಕೆ ಇದೂ ಒಂದು ಕಾರಣ. ಈ ದಿನಗಳಲ್ಲಿ ಆಹಾರ ಕೊಡಬಾರದು, ಹೂವಿನ ಆಸರೆಯಲ್ಲಿ ಬದುಕುವ ಜೋಡಿ ಕ್ಲೌನ್ ಮೀನನ್ನು ಜೊತೆಗೆ ಬಿಡಬಾರದು. ದಿನವೂ ಒಂದೇ ಹೊತ್ತಿಗೆ ಫೋಟೊ ತೆಗೆದಿಟ್ಟರೆ ಕಣ್ಣಿನ ಆಸೆಗೂ ನಿಜವಾದ ಚೇತರಿಕೆಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಕುಗ್ಗುವುದು ಕಡಿಮೆಯಾಗಿ ಬಾಯಿ ಬಿಗಿದರೆ ಔಷಧ ನಾಟಿದೆ ಎಂದರ್ಥ. ಆದರೂ ಏಳು ರಾತ್ರಿಗೆ ಮೊದಲು ನಿಲ್ಲಿಸಬಾರದು. ಏಳನೆಯ ದಿನವೂ ಕುಗ್ಗುತ್ತಿದ್ದರೆ ಇನ್ನೂ ಮೂರು ದಿನ ಮುಂದುವರಿಸಬಹುದು.

ಪ್ರತಿದಿನ ಹೊರತೆಗೆದ ನೀರನ್ನು ರಸ್ತೆಬದಿಯ ತೆರೆದ ಚರಂಡಿಗೆ ಚೆಲ್ಲಿದರೆ ಅದು ಹರಿದು ಕೆರೆ ಸೇರಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಔಷಧವನ್ನು ಎದುರಿಸುವ ಪಾಠ ಹೇಳಿಕೊಡುತ್ತದೆ. ಆ ನೀರನ್ನು ಅಗಲವಾದ ಟಬ್ಬಿಗೆ ಸುರಿದು, ಔಷಧವನ್ನು ಹೀರಿಕೊಳ್ಳುವ ಇದ್ದಿಲಾದ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಮಕ್ಕಳ ಮತ್ತು ದನಗಳ ಕೈಬಾಯಿಗೆ ಸಿಗದಂತೆ ಕೆಲವು ದಿನ ಬಿಸಿಲಿಗಿಟ್ಟು, ನಂತರ ಒಳಚರಂಡಿಗೆ ಬಿಡಬೇಕು. ಉಪ್ಪಿನಂಶವಿರುವುದರಿಂದ ಗಿಡಗಳಿಗೆ ಸಲ್ಲದು. ಚೇತರಿಸಿಕೊಂಡ ಹೂವನ್ನು ಮುಖ್ಯ ತೊಟ್ಟಿಗೆ ಬಿಡುವ ಮುನ್ನ ಔಷಧವಿಲ್ಲದ ನೀರಿನಲ್ಲಿ ಒಂದೆರಡು ದಿನ ಇಟ್ಟು ನೋಡುವುದು ಕ್ಷೇಮ. ಕ್ಲೌನ್ ಮೀನುಗಳು ಅದರೊಳಗೆ ಹೊರಳಾಡಿ ಉಜ್ಜುವುದರಿಂದ, ಪಾದ ಕಲ್ಲನ್ನು ಗಟ್ಟಿಯಾಗಿ ಹಿಡಿಯುವವರೆಗೆ ನಡುವೆ ಜಾಲರಿಯೊಂದನ್ನು ಅಡ್ಡವಿಟ್ಟಿರಬೇಕು.