ನಾಯಿಯನ್ನು ಡಾಕ್ಟರ ಹತ್ತಿರ ಒಯ್ಯುವ ಮುಂಚೆ

ನಮ್ಮ ಕರಿಯಾ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ಮೈ ಮುಟ್ಟಿಯೂ ನೋಡದೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮೂರನೇ ದಿನ ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಗೋಡೆಯಂತೆ ಬೆಳ್ಳಗಿತ್ತು. ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಓಡಿದೆ. ರಕ್ತ ಪರೀಕ್ಷೆಯಲ್ಲಿ ಉಣ್ಣಿ ಜ್ವರ ಅಂತ ಗೊತ್ತಾಯಿತು.

ಅದಕ್ಕೇ ಹೊರಡುವ ಮುಂಚೆ ನೀವೇ ಒಮ್ಮೆ ನೋಡಿ. ಒಸಡು ಗುಲಾಬಿ ಬಣ್ಣ ಇರಬೇಕು. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಸಿಕ್ಕರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ, ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ, ನಾಯಿಗೆ ಬಾಯಿ ಇಲ್ಲ ಅಲ್ವಾ? ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ತಡ ಮಾಡಬೇಡಿ. ಮನೆಯ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ.

ಲಸಿಕೆ ಪುಸ್ತಕ, ವಾಂತಿ ಭೇದಿಯ ಫೋಟೊ ಜೊತೆಗಿರಲಿ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆಯೇ ಹೊರಡಿ, ಆಟೊದಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳಿ.

ಉಣ್ಣಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಕರಿಯಾ ಐದನೇ ದಿನವೇ ಬಾಲ ಅಲ್ಲಾಡಿಸಿದ. ಆದರೂ ಒಂದು ದಿನವೂ ತಪ್ಪಿಸದೆ, ಊಟ ಮಾಡಿಸಿಯೇ ಮಾತ್ರೆ ಹಾಕಿದೆ.